ತುಂಬಿ ಬಂದ ಪೆನ್‌ಡ್ರೈವ್

ಬಾಳೇಶ ಮಾಸ್ತರನ ಆ ದಿನದ ಫಜೀತಿಗೆಲ್ಲ ಕಾರಣ ಹೆಬ್ಬೆರಳಿನಷ್ಟುದ್ದದ ಒಂದು ಪೆನ್‌ಡ್ರೈವ್. ಇನ್ನೂ ಹಿಂದಕ್ಕೆ ಹೋಗಿ ಹುಡುಕುವುದಾದರೆ, ಅವನದೇ ಬಾಯಿ.

ಮನೆ ಬನಹಟ್ಟಿಯ ನೇಕಾರರ ಓಣಿಯಲ್ಲಿ. ಶಾಲೆ ಬೀಳಗಿ ದಾಟಿ ಆಚೆ, ಬಸ್ಸು ಕೂಡ ಒಳಗೆ ಬರಲು ಹಿಂದೆಮುಂದೆ ನೋಡುವ ಊರಲ್ಲಿ. ಎಂಟು ವರ್ಷದಿಂದ ಅವನು ನಸುಕಿನ ಐದೂವರೆಯ ಬಸ್ಸಿಗೆ ಜಮಖಂಡಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಕೊನೆಯ ಎರಡು ಕಿಲೋಮೀಟರು ನಡೆದು ಪಾಠ ಹೇಳುತ್ತಿದ್ದ. ಹೆಂಡತಿ ಅಂಜನಾ ನಾಲ್ಕಕ್ಕೇ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಆದರೆ ಓಣಿಯಲ್ಲಿ ಯಾರಾದರೂ "ಸಾಲಿ ಹೆಂಗೈತ್ರಿ?" ಎಂದು ಕೇಳಿದರೆ ಸಾಕು, ಅವನ ಎದೆ ಉಬ್ಬುತ್ತಿತ್ತು.

"ಸಾಲಿ ಅಂದ್ರ ಅದು ಸಾಲಿರಿ! ಹುಡುಗರು ಬಂಗಾರ. ಊರ ಮಂದಿ ನನ್ನ ಬಿಟ್ಟುಕೊಡಾಕ ತಯಾರಿಲ್ಲ. ಮನಿ ಬಾಜೂಕ ಹಾಕಿ ಕೊಟ್ರೂ ನಾ ಆ ಸಾಲಿ ಬಿಟ್ಟ ಬರಂಗಿಲ್ಲ ನೋಡ್ರಿ!"

ಮನೆಯ ಪಕ್ಕದ ಶಾಲೆಗೆ ಅವನನ್ನು ಯಾರೂ ಹಾಕಿರಲಿಲ್ಲ. ಹಾಗಾಗಿ ಈ ಮಾತು ಆಡುವುದಕ್ಕೆ ಖರ್ಚೇನೂ ಬರುತ್ತಿರಲಿಲ್ಲ.

ಈ ವರ್ಷ ನೋಡಿದರೆ ರಬಕವಿಯ ಶಾಲೆಯೊಂದರಲ್ಲಿ ಜಾಗ ಖಾಲಿಯಾಯಿತು. ಸೈಕಲ್ಲಿನಲ್ಲಿ ಹನ್ನೊಂದು ನಿಮಿಷದ ದಾರಿ. ಬಾಳೇಶ ಎರಡು ಸಲ ತುಳಿದು ನೋಡಿ ಬಂದಿದ್ದ. ಇಲಾಖೆಯ ವೆಬ್‌ಸೈಟಿನಲ್ಲಿ ವರ್ಗಾವಣೆಯ ಇಚ್ಛೆ ನಮೂದಿಸಲು ಇವತ್ತು ಸಂಜೆ ಐದೇ ಕೊನೆ; ಏನೂ ತುಂಬದವರನ್ನು ಇಲಾಖೆ ತನಗೆ ಬೇಕಾದಲ್ಲಿಗೆ ಹಾಕುತ್ತಿತ್ತು. ಸುದ್ದಿ ಹೊರಗೆ ಹೋದರೆ ಯಾರದೋ ಅಳಿಯ, ಯಾರದೋ ಮೈದುನ ನಡುವೆ ಬಂದಾರು ಎಂದು ಅವನು ಅಂಜನಾಳ ಹೊರತು ಯಾರ ಮುಂದೆಯೂ ಉಸಿರು ಬಿಟ್ಟಿರಲಿಲ್ಲ. ಅವಳಂತೂ ಆಗಲೇ ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟುತ್ತಿದ್ದಳು. ಇನ್ನು ಮೇಲೆ ಆರೂವರೆಗೆ ಏಳಬಹುದೆಂಬ ಸಂತೋಷಕ್ಕೆ ಒರಳಿನ ಸದ್ದೂ ಹಗುರಾಗಿತ್ತು.

ತೊಡಕು ಒಂದೇ. ಬಾಳೇಶನ ಲ್ಯಾಪ್‌ಟಾಪು ಹಳೆಯದು, ಅದರೊಳಗಿನ ಬ್ರೌಸರ್ ಇನ್ನೂ ಹಳೆಯದು. ಇಲಾಖೆಯ ವೆಬ್‌ಸೈಟು ತೆರೆದರೆ ಸುಣ್ಣ ಹೊಡೆದ ಗೋಡೆಯಂತೆ ಬೆಳ್ಳಗೆ ಕಾಣುತ್ತಿತ್ತು. ಆದ್ದರಿಂದ ಅವನು ರಜೆ ಹಾಕಿ, ಬೆಳಿಗ್ಗೆಯೇ ಮಹಾಲಿಂಗಪುರಕ್ಕೆ ಹೋಗಿ, ಕಂಪ್ಯೂಟರ್ ಕಲಿಸುವ ಪ್ರತಿಮಾ ಮೇಡಂ ಮುಂದೆ ತನ್ನ ಪೆನ್‌ಡ್ರೈವ್ ಹಿಡಿದು ನಿಂತ. ಅವರು ಅದಕ್ಕೆ ಫೈರ್‌ಫಾಕ್ಸ್ ಎಂಬ ಹೊಸ ಬ್ರೌಸರ್ ಹಾಕಿದರು, ಬರಹ-ಲೆಕ್ಕಕ್ಕೆಂದು ಲಿಬ್ರೆ ಆಫೀಸ್ ಹಾಕಿದರು.

"ಎಲ್ಲಾ ಪುಕಟ ರೀ ಸರ್" ಎಂದರು.

"ಪುಕಟ ಅಂದ್ರ... ಕದ್ದದ್ದೇನ್ರಿ ಮೇಡಂ?" ಬಾಳೇಶ ದನಿ ತಗ್ಗಿಸಿದ.

"ಅಯ್ಯ, ಕದಿಯೂದ್ಯಾಕ್ರಿ? ದೇಶದೇಶದ ಮಂದಿ ಕೂಡಿ ಬರದು, ಎಲ್ಲಾರೂ ಬಳಸ್ರಿ ಅಂತ ಬಿಟ್ಟಾರ. ಒಳಗ ಹೆಂಗ ಮಾಡ್ಯಾರ ಅನ್ನೂದನ್ನೂ ಬೇಕಾದವ್ರು ತಗದ ನೋಡಬಹುದು. ನೀವೂ ಯಾರಿಗೆ ಬೇಕಾದ್ರೂ ಕೊಡ್ರಿ. ಕೊಟ್ರ ತಪ್ಪಲ್ಲ, ಕೊಟ್ಟಷ್ಟೂ ಛಲೋ."

ಈ ಕೊನೆಯ ಮಾತನ್ನು ಅವರು ಹೇಳದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಹನ್ನೊಂದಕ್ಕೆ ಓಣಿಗೆ ಬಂದರೆ ಓಣಿಯೇ ಮೂಕವಾಗಿತ್ತು. ಮಗ್ಗಗಳ ಖಟಖಟ ಇಲ್ಲವೆಂದರೆ ಕರೆಂಟ್ ಇಲ್ಲವೆಂದೇ ಅರ್ಥ. "ತಂತಿ ಬದಲಿ ಮಾಡಾಕತ್ತಾರಂತ. ನಾಕರ ತನಕ ಬರಂಗಿಲ್ಲ" ಎಂದಳು ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತಿದ್ದ ತಾರವ್ವ. ನಾಲ್ಕು ಮಗ್ಗಗಳ ಒಡತಿ, ಸೀರೆಯ ಅಂಚಿನ ಡಿಸೈನನ್ನು ಕಂಪ್ಯೂಟರಿನಲ್ಲಿ ತಾನೇ ತಿದ್ದುವವಳು. ಬಾಳೇಶನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಮೂರು ವರ್ಷವಾಗಿತ್ತು; ಕರೆಂಟ್ ಇದ್ದರಷ್ಟೇ ಅದಕ್ಕೆ ಜೀವ.

"ಸಾಲಿ ಬಿಟ್ಟ ಎಲ್ಲಿ ಹೋಗಿದ್ದೆಪಾ? ಕೈಯಾಗೇನದು?" ತಾರವ್ವ ಕೇಳಿದಳು.

ವರ್ಗಾವಣೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಬಾಳೇಶ ಪೆನ್‌ಡ್ರೈವಿನ ಮಹಿಮೆ ಶುರು ಮಾಡಿದ. ಪುಕಟ, ಜಾಹೀರಾತಿನ ಕಾಟ ಕಡಿಮೆ, ಕನ್ನಡವೂ ಸಲೀಸು, ಮಾಡಿದ ಬಗೆಯನ್ನೂ ಮುಚ್ಚಿಟ್ಟಿಲ್ಲ ಎಂದೆಲ್ಲ.

"ಅಂದ್ರ ಹೋಳಿಗಿನೂ ಕೊಟ್ಟು, ಹೂರಣ ಹೆಂಗ ರುಬ್ಬೂದು ಅಂತನೂ ಹೇಳಿ ಕೊಟ್ಟಾಂಗಾತು! ಎಷ್ಟು ಛಲೋ ಮಂದಿ! ತಾ ಇಲ್ಲಿ. ನನ್ನ ಲ್ಯಾಪ್‌ಟಾಪಿನ್ಯಾಗ ಚಾರ್ಜ್ ಐತಿ."

"ದೊಡ್ಡವ್ವ, ಅದು ನನಗ—"

"ಈಗ ಕೊಟ್ಟ ಬಿಡ್ತೇನಿ. ಹೆಂಗೂ ನಾಕರ ತನಕ ನಿನಗ ಕರೆಂಟ್ ಇಲ್ಲ."

ಪೆನ್‌ಡ್ರೈವ್ ಒಳಗೆ ಹೋಯಿತು. ಅಂಜನಾ ಪಿಸುಗುಟ್ಟಿದಳು: "ಅವರ ಲ್ಯಾಪ್‌ಟಾಪಿನ್ಯಾಗ ಫಾರಂ ತುಂಬಬಾರದೇನ್ರಿ?" ಬಾಳೇಶ ಕಣ್ಣು ಬಿಟ್ಟ. "ತಾರವ್ವನ ಮನ್ಯಾಗ ತುಂಬೂದೂ ಒಂದ, ಬಸ್ ಸ್ಟ್ಯಾಂಡಿನ್ಯಾಗ ಡಂಗುರ ಹೊಡಿಯೂದೂ ಒಂದ. ಸುಮ್ಮನಿರು."

ಮಧ್ಯಾಹ್ನ ಒಂದು ಗಂಟೆಯಾಯಿತು. ಪೆನ್‌ಡ್ರೈವ್ ಬರಲಿಲ್ಲ. ಹೋಗಿ ಕೇಳಿದರೆ, "ಭೀಮಶಿ ಮಾಸ್ತರ ಒಯ್ದಾರ. ಪುಕಟ ಅಂದ ಮ್ಯಾಲ ಬ್ಯಾಡ ಅನ್ನಾಕ ಬರ್ತೈತೇನು?" ಎಂದಳು ತಾರವ್ವ. "ಚಿಂತಿ ಮಾಡಬ್ಯಾಡ, ನಿನ್ನ ಡಬ್ಬಿ ಖಾಲಿ ಕಳಸಿಲ್ಲ. ನನ್ನ ಸೀರಿ ಅಂಚಿನ ಡಿಸೈನ್ ಎಲ್ಲಾ ಹಾಕಿ ಕೊಟ್ಟೇನಿ."

ಆ ಓಣಿಯ ಪದ್ಧತಿಯೇ ಹಾಗೆ. ಒಂದು ಮನೆಯಿಂದ ಪಲ್ಯ ತುಂಬಿ ಬಂದ ಡಬ್ಬಿ ಖಾಲಿಯಾಗಿ ಹಿಂದಕ್ಕೆ ಹೋಗುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಬೀಳಬೇಕು. ಪೆನ್‌ಡ್ರೈವೂ ಒಂದು ಡಬ್ಬಿಯೇ ಎಂದು ಓಣಿ ತೀರ್ಮಾನ ಮಾಡಿಬಿಟ್ಟಿತ್ತು.

ಎದುರು ಮನೆಯ ಭೀಮಶಿ ಮಹಾಲಿಂಗಪುರದ ಹೈಸ್ಕೂಲಿನ ಮಾಸ್ತರ. ಊಟಕ್ಕೆ ಮನೆಗೆ ಬಂದವನು ಕೈ ತೊಳೆಯುತ್ತಿದ್ದ. ಬಾಳೇಶನನ್ನು ಕಂಡು ಮುಖ ಅರಳಿತು.

"ಬರ್ರಿ ಸರ್! ಏನು ಬ್ರೌಸರ್ ರೀ ಅದು, ನನ್ನ ಲ್ಯಾಪ್‌ಟಾಪಿನ್ಯಾಗ ಚಿಗರಿಗತೆ ಓಡ್ತೈತಿ. ಮತ್ತ ನಿಮ್ಮ ಪೆನ್‌ಡ್ರೈವಿನ್ಯಾಗ ಒಂದು ಫೈಲ್ ಇತ್ತಲ್ರಿ, ಅದನ್ನ ನೋಡಿ ನಾನು—"

"ಆಮ್ಯಾಲ ಮಾತಾಡೂಣ್ರಿ ಸರ್. ಪೆನ್‌ಡ್ರೈವ್ ಎಲ್ಲಿ?"

"ಶಿವಯೋಗೆಪ್ಪ ಕಾಕಾರು ಒಯ್ದ್ರಲ್ಲ! ನಾನೂ ಖಾಲಿ ಕೊಟ್ಟಿಲ್ಲ, ಹತ್ತು ವರ್ಷದ ಪ್ರಶ್ನಪತ್ರಿಕಿ ಹಾಕೇನಿ. ಸರ್, ಒಂದ ಮಾತು ಕೇಳ್ರಿ..."

ಬಾಳೇಶ ಆಗಲೇ ಬೀದಿಯಲ್ಲಿದ್ದ.

ಓಣಿಯ ಕೊನೆಯ ಮನೆಯ ಶಿವಯೋಗೆಪ್ಪ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಅಷ್ಟು ವರ್ಷ ಸಕ್ಕರೆಯ ನಡುವೆ ಇದ್ದುದರಿಂದಲೋ ಏನೋ, ಮಾತು ಪಾಕದಂತೆ ಎಳೆ ಎಳೆಯಾಗಿ ಬರುತ್ತಿತ್ತು. ಅವನು ಪೆನ್‌ಡ್ರೈವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

"ನಿನ್ನ ಉಪಕಾರ ಭಾಳ ದೊಡ್ಡದು ತಮ್ಮಾ. ನಾನೂ ಖಾಲಿ ಕೊಡೂ ಪೈಕಿ ಅಲ್ಲ. ನನ್ನ ಬೀಳ್ಕೊಡುಗಿ ವಿಡಿಯೋ ಹಾಕೇನಿ. ಜಾಗಾ ಸಾಲಲಿಲ್ಲ. ಆ ಬ್ರೌಸರ್ ಮತ್ತ ಅದೇನೋ ಆಫೀಸ್, ಹೆಂಗೂ ಎಲ್ಲಾರಿಗೂ ಆತಲ್ಲ, ಅಂತ ಅಳಸಿಬಿಟ್ಟೆ."

ಬಾಳೇಶ ಪೆನ್‌ಡ್ರೈವನ್ನು ತಿರುಗಿಸಿ ತಿರುಗಿಸಿ ನೋಡಿದ. "ಕಾಕಾರ, ಎಲ್ಲಾರಿಗೂ ಆತು. ನನಗ ಆಗಿಲ್ರಿ!"

"ಹೌದಾ?" ಶಿವಯೋಗೆಪ್ಪ ಮರುಗಿದ. "ಆಗಲಿ, ಕುಂದರು. ಬಂದೀದಿ, ವಿಡಿಯೋ ನೋಡೇ ಹೋಗು."

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ; ಅವಲಕ್ಕಿಯ ತಟ್ಟೆ ಆಗಲೇ ಮುಂದೆ ಬಂದಿತ್ತು. ಅವನ ಲ್ಯಾಪ್‌ಟಾಪಿನಲ್ಲೂ ಚಾರ್ಜ್ ಇತ್ತು; ವಿಡಿಯೋದಲ್ಲಿ ಹನ್ನೆರಡು ಜನ ಶಿವಯೋಗೆಪ್ಪನನ್ನು ಹೊಗಳಿದರು. ಪ್ರತಿ ಹಾರಕ್ಕೂ ಅದನ್ನು ಯಾರು ಹಾಕಿದರು, ಅವರ ಸೊಸೆ ಯಾವ ಊರಿನವಳು ಎಂಬ ವಿವರ ಬಂತು. ಬಾಳೇಶ ಹೊರಬಿದ್ದಾಗ ಮೂರೂ ಕಾಲು.

ಮತ್ತೆ ತಾರವ್ವನ ಮನೆ. ಪುಣ್ಯಕ್ಕೆ ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ ಉಳಿದಿತ್ತು. "ವಿಡಿಯೋ ಅಳಸಲೇನು?" ಎಂದಳು ಅವಳು. "ಅಳಸು ದೊಡ್ಡವ್ವ, ಪೂರ್ತಿ ನೋಡೇನಿ" ಎಂದ ಬಾಳೇಶ, ಅಳು ನಗು ಎರಡೂ ಒಟ್ಟಿಗೆ ಬಂದು.

ನಾಲ್ಕೂ ಕಾಲಿಗೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಖಟಾಖಟ್ ಎಂದವು. ಅಂಜನಾ ಅಡುಗೆಮನೆಯಿಂದ ಓಡಿ ಬಂದಳು. ಲ್ಯಾಪ್‌ಟಾಪು ಕೆಮ್ಮಿ ಎದ್ದಿತು. ಹಸಿರು ಪಟ್ಟಿ ಬಲು ನಿಧಾನಕ್ಕೆ ಮುಂದೆ ಹೋಯಿತು, ಮುಗಿಯಿತು. ಹೊಸ ಬ್ರೌಸರ್ ತೆರೆದು ಇಲಾಖೆಯ ವಿಳಾಸ ಹೊಡೆದರೆ, ಕಣ್ಣು ಮಿಟುಕಿಸುವುದರೊಳಗೆ ಪುಟ ಬಣ್ಣಬಣ್ಣವಾಗಿ ಬಂದು ನಿಂತಿತು.

"ಬಂತೇ ಅಂಜನಾ, ಬಂತು!" ಬಾಳೇಶ ಕುಣಿದೇಬಿಟ್ಟ. ಗಡಿಯಾರದಲ್ಲಿ ನಾಲ್ಕೂ ನಲವತ್ತು. ಇಪ್ಪತ್ತು ನಿಮಿಷ ಎಂದರೆ ರಾಜ್ಯವನ್ನೇ ಆಳಬಹುದು. ಪೆನ್‌ಡ್ರೈವಿನಲ್ಲಿ 'ಮರಿಬಾರದ್ದು' ಎಂಬ ಹೆಸರಿನ ಫೈಲು ತೆರೆದು, ಅದರಲ್ಲಿ ತಾನೇ ಬರೆದಿಟ್ಟಿದ್ದ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಒತ್ತಿದ.

ಪುಟ ತೆರೆಯಿತು. ನಡುವೆ ಒಂದು ಹಸಿರು ಚೌಕ.

'ನಿಮ್ಮ ಇಚ್ಛೆಯನ್ನು ಮಧ್ಯಾಹ್ನ 12.35ಕ್ಕೆ ಸ್ವೀಕರಿಸಲಾಗಿದೆ. ಆಯ್ಕೆ: ಈಗಿರುವ ಶಾಲೆಯಲ್ಲಿಯೇ ಮುಂದುವರಿಕೆ. ಮತ್ತೆ ಬದಲಾಯಿಸಲು ಅವಕಾಶವಿಲ್ಲ.'

ಬಾಳೇಶ ಮೂರು ಸಲ ಓದಿದ. ನಾಲ್ಕನೆಯ ಸಲ ಅಂಜನಾ ಓದಿದಳು. ಇಬ್ಬರೂ ಮಾತಾಡುವ ಮೊದಲೇ ಬಾಗಿಲಲ್ಲಿ ಶಾಲೆ ಬಿಟ್ಟು ಬಂದ ಭೀಮಶಿ ನಿಂತಿದ್ದ, ಹಲ್ಲೆಲ್ಲ ಬಿಟ್ಟುಕೊಂಡು.

"ನೋಡಿದ್ರಾ ಸರ್? ಮಧ್ಯಾಹ್ನ ಹೇಳಬೇಕಂದ್ರ ನೀವು ಕೇಳಲೇ ಇಲ್ಲ. ಪೆನ್‌ಡ್ರೈವಿನ್ಯಾಗ ನಿಮ್ಮ ಪಾಸ್‌ವರ್ಡ್ ಕಾಣಿಸ್ತು. ಇವತ್ತ ಕಡೀ ದಿನ ಅಂತ ನೆನಪಾತು. ಅಯ್ಯೋ, ಬಾಳೇಶ ಸರ್ ತಮ್ಮ ಜೀವದಂಥಾ ಸಾಲಿ ಎಲ್ಲಿ ಕಳಕೋತಾರೋ ಅಂತ ಅನಿಸ್ತು ನನಗ. ಬರೇ ಪ್ರಶ್ನಪತ್ರಿಕಿ ಕೊಟ್ರ ನಿಮ್ಮ ಋಣ ತೀರ್ತೈತೇನು? ನಾನ ತುಂಬಿಬಿಟ್ಟೆ. ಮನಿ ಬಾಜೂಕ ಕೊಟ್ರೂ ಬಿಡಂಗಿಲ್ಲ ಅಂತ ನೀವ ಹೇಳ್ತಿದ್ರಲ್ಲ? ರಬಕವಿದೊಂದು ಜಾಗಾ ಖಾಲಿ ಇತ್ತು. ಅದರ ಕಡೆ ತಿರುಗಿ ಸೈತ ನೋಡಲಿಲ್ಲ!"

ಬಾಳೇಶನ ಬಾಯಿ ತೆರೆಯಿತು. ಏನು ಹೇಳಿದರೂ ಎಂಟು ವರ್ಷದ ಡೌಲು ಒಂದು ಕ್ಷಣಕ್ಕೆ ಬಯಲಾಗುತ್ತಿತ್ತು.

"ಭಾಳ... ಭಾಳ ಉಪಕಾರ ಆತ್ರಿ ಸರ್" ಎಂದ.

ಅಂಜನಾ ಗಂಡನ ಮುಖ ನೋಡಿದಳು, ಸಿಟ್ಟು ಬಂತು. ಭೀಮಶಿಯ ಮುಖ ನೋಡಿದಳು, ನಗು ಬಂತು. ಕೊನೆಗೆ ನಗುವೇ ಗೆದ್ದಿತು. ಸೆರಗು ಬಾಯಿಗೆ ಒತ್ತಿ ಒಳಗೆ ಹೋಗಿ ಬಿದ್ದು ಬಿದ್ದು ನಕ್ಕಳು. ಬಳಿಕ ವರ್ಗಾವಣೆಯ ಸಂತೋಷಕ್ಕೆಂದು ಮಾಡಿದ್ದ ಶೇಂಗಾ ಹೋಳಿಗೆಯನ್ನು ಡಬ್ಬಿಗೆ ತುಂಬಿ ತಂದು ಭೀಮಶಿಯ ಕೈಗಿಟ್ಟಳು. ಉಪಕಾರ ಮಾಡಿದವರನ್ನು ಬರಿಗೈಯಲ್ಲಿ ಕಳಿಸುವ ಓಣಿ ಅದಲ್ಲ.

"ನಾಳಿ ನಾಕಕ್ಕ ಎದ್ದು ಎಷ್ಟ ರೊಟ್ಟಿ ಬಡೀಲಿರಿ?" ಎಂದು ಗಂಡನನ್ನು ಕೇಳಿದಳು.

ಭೀಮಶಿ ಹೊಸ್ತಿಲು ದಾಟಿದವನು ಏನೋ ನೆನಪಾಗಿ ಹೊರಳಿ ನಿಂತ.

"ಮುಂದಿನ ವರ್ಷದ್ದೂ ಚಿಂತಿ ಬಿಡ್ರಿ ಸರ್. ನಿಮ್ಮ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇನು ಅಂತ ಬ್ರೌಸರ್ ಕೇಳ್ತು. ನಾ ಹೂಂ ಅಂದೇನಿ."