‘ಇರಲಿ’ ನಿಷೇಧ

ಆಘಾತ ಎಂಬ ಶಬ್ದವನ್ನು ನಾನು ಕಂಡಕಂಡಲ್ಲಿ ಚೆಲ್ಲುವವಳಲ್ಲ. ಹಾಲು ಉಕ್ಕಿದರೂ "ಅಯ್ಯೋ, ಶಾಕ್ ಆಗೋಯ್ತು" ಎನ್ನುವ ಜನರ ನಡುವೆ, ತರ್ಕಶಾಸ್ತ್ರ ಕಲಿಸಿ ನಿವೃತ್ತಳಾದ ನಾನು ಆ ಶಬ್ದವನ್ನು ಬೀಗ ಹಾಕಿ ಇಟ್ಟಿದ್ದೆ. ಮೂಳೆ ಡಾಕ್ಟರ ಕೋಣೆಯಲ್ಲಿ, ತೂಕದ ಯಂತ್ರದ ಮೇಲೆ ನಿಂತು, ಅದನ್ನು ಹೊರಗೆ ತೆಗೆಯಬೇಕಾಗಿ ಬಂತು.

ನನ್ನ ಯಜಮಾನರು ರೈಲ್ವೆ ಗಾರ್ಡ್ ಆಗಿದ್ದವರು. ಆಯಸ್ಸೆಲ್ಲ ಹಸಿರು ಬಾವುಟ ಬೀಸಿದ ಕೈ, ಊಟಕ್ಕೆ ಕೂತಾಗ ಕೆಂಪು ಬಾವುಟ ಎತ್ತಲು ಒಪ್ಪುವುದಿಲ್ಲ. ಪರಿಣಾಮವಾಗಿ ಹೊಟ್ಟೆ ಮುಂದಿನ ನಿಲ್ದಾಣ ತಲುಪಿತ್ತು, ಮಂಡಿ ಹಿಂದಿನ ನಿಲ್ದಾಣದಲ್ಲೇ ಕೆಟ್ಟು ನಿಂತಿತ್ತು. ಮೆಟ್ಟಿಲು ಇಳಿಯಬೇಕಾದರೆ ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ನಾನು.

"ಮಂಡಿ ಬದಲಾಯಿಸೋಣ," ಎಂದರು ಡಾಕ್ಟರು. "ಆದ್ರೆ ಈ ತೂಕ ಇಟ್ಕೊಂಡು ನಾನು ಆಪರೇಷನ್ ಮಾಡಲ್ಲ. ಇಳಿಸ್ಕೊಂಡು ಬನ್ನಿ. ಉಪವಾಸ ಬೇಡ. ತೃಪ್ತಿಯಾಗಿ ತಿನ್ನಿ, ಹೊಟ್ಟೆ ಬಿರಿಯೋ ಹಾಗೆ ತಿನ್ನಬೇಡಿ."

"ಬಿರಿದ ಮೇಲೆ ತಾನೇ ತೃಪ್ತಿ ಆಗೋದು?" ಎಂದರು ಯಜಮಾನರು. ಹಾಸ್ಯವಲ್ಲ, ನಿಜವಾದ ಸಂಶಯ.

ಮಂಡಿ ಸರಿಯಾಗದಿದ್ದರೆ ಇವರು ಮಹಡಿಯ ಕೋಣೆಯಲ್ಲೇ ಕಿಟಕಿಗೆ ಅಂಟಿಕೊಂಡು ಉಳಿಯುತ್ತಾರೆ, ದಿನವಿಡೀ ನನ್ನನ್ನು ಕೂಗುತ್ತಾರೆ. ಎರಡನೆಯ ಅಪಾಯ ಮೊದಲನೆಯದಕ್ಕಿಂತ ದೊಡ್ಡದು. ನಾನು ಕಾರ್ಯಪ್ರವೃತ್ತಳಾದೆ.

ರೋಗದ ಮೂಲ ಅಡುಗೆಯಲ್ಲಿರಲಿಲ್ಲ, ವ್ಯಾಕರಣದಲ್ಲಿತ್ತು. ಬಡಿಸುವವಳು ಸೊಸೆ. (ಮಗ ಪಾಳಿ ಕೆಲಸದವನು. ಊಟದ ಹೊತ್ತಿಗೆ ಸಿಗುವುದಿಲ್ಲ, ಈ ಕಥೆಗೂ ಸಿಗುವುದಿಲ್ಲ.)

"ಮಾವ, ಆಲೂಗಡ್ಡೆ ಇನ್ನೊಂದು ಸ್ವಲ್ಪ ಹಾಕಲಾ?"

"ಇರಲಿ."

ಈ ಶಬ್ದವನ್ನು ದಯವಿಟ್ಟು ಬೆಳಕಿಗೆ ಹಿಡಿದು ನೋಡಿ. ಎಲ್ಲಿ ಇರಲಿ? ಪಾತ್ರೆಯಲ್ಲೋ, ತಟ್ಟೆಯಲ್ಲೋ? ಬೇಡ ಎಂದೋ, ಸುರಿ ಎಂದೋ? ಹೇಳಿದವರಿಗೆ ಸಭ್ಯತೆಯ ಕೀರ್ತಿ, ಜೊತೆಗೆ ಆಲೂಗಡ್ಡೆ. ಇಷ್ಟು ಪೊಳ್ಳು ಶಬ್ದ ಇಷ್ಟು ಅನ್ನ ಹೊರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಇವತ್ತಿಂದ ಈ ಮೇಜಿನಲ್ಲಿ ‘ಇರಲಿ’ ನಿಷೇಧ," ಎಂದು ಘೋಷಿಸಿದೆ. "ಬೇಕು, ಇಲ್ಲವಾದರೆ ಸಾಕು. ಮೂರನೆಯ ಮಾತಿಲ್ಲ."

"ಪರವಾಗಿಲ್ಲ ಅನ್ನಬಹುದಾ?"

"ಇಲ್ಲ."

"ನಿನ್ನಿಷ್ಟಮ್ಮ?"

"ಕೂಡದು."

"ತಲೆ ಆಡಿಸಿದ್ರೆ?"

"ನೀವು ತಲೆ ಆಡಿಸಿದ್ದು ಹೌದು ಅಂತಲೋ ಅಲ್ಲ ಅಂತಲೋ ಮದುವೆಯಾದಾಗಿನಿಂದ ನನಗೆ ತಿಳಿದಿಲ್ಲ."

"ಅಲ್ವೇ, ವಯಸ್ಸಾದವನು ‘ಬೇಕು’ ಅಂತ ಬಾಯಿಬಿಟ್ಟು ಕೇಳೋದಾ? ನಾಚಿಕೆ ಆಗಲ್ವಾ?"

"ಆಗಲಿ ಅಂತಲೇ ಈ ನಿಯಮ ರೀ."

ನಿಯಮ ಫಲಿಸಿತು. ‘ಬೇಕು’ ಎನ್ನುವ ಮೊದಲು ಮನುಷ್ಯ ತನ್ನ ಹೊಟ್ಟೆಯನ್ನು ಒಂದು ಮಾತು ಕೇಳಲೇಬೇಕಾಗುತ್ತದೆ. ತುತ್ತಿಗೂ ತುತ್ತಿಗೂ ನಡುವೆ ಚಮಚ ಕೆಳಗಿಡಿ ಎಂದೆ, ಇಟ್ಟರು. ಅಗಿಯಿರಿ ಎಂದೆ, ಅಗಿದರು. ಒಂದು ದಿನ ಚಮಚ ಕೆಳಗಿಟ್ಟು, ಹೊಸ ಗ್ರಹ ಕಂಡವರಂತೆ ನುಡಿದರು: "ನೋಡೇ, ಹೊಟ್ಟೆ ಮುಗಿಸಿಯಾಗಿದೆ. ನಾಲಿಗೆ ಒಂದೇ ಗಲಾಟೆ ಮಾಡ್ತಿರೋದು. ಇವೆರಡೂ ಒಂದೇ ಅಂದ್ಕೊಂಡಿದ್ದೆ ನಾನು!"

ನಾನು ಉಬ್ಬಿಹೋದೆ. (ಎಷ್ಟರಮಟ್ಟಿಗೆ ಎಂಬುದು ಆಗ ತಿಳಿಯಲಿಲ್ಲ.) ಅಂದಿನಿಂದ ಊಟದ ಹೊತ್ತಿನಲ್ಲಿ ಮಿತಾಹಾರದ ಬಗ್ಗೆ ನನ್ನ ಉಪನ್ಯಾಸವೂ ಶುರುವಾಯಿತು. ಅವರ ಪ್ಯಾಂಟಿಗೆ ಬೆಲ್ಟು ಬೇಕಾಯಿತು. ಅದೇ ದಿನಗಳಲ್ಲಿ ನನ್ನ ಬಟ್ಟೆಗಳೆಲ್ಲ ಬಿಗಿಯಾದವು. ಬಟ್ಟೆ ಕುಗ್ಗಿಸುತ್ತಿದೆ ಎಂದು ಒಗೆಯುವ ಯಂತ್ರದ ರಿಪೇರಿಯವನನ್ನು ಕರೆಸಿ, ಅವನು ಏನೂ ಕೆಟ್ಟಿಲ್ಲ ಎಂದಾಗ ಅವನ ವಿದ್ಯಾಭ್ಯಾಸದ ಬಗ್ಗೆ ವಿಚಾರಿಸಿ ಕಳಿಸಿದೆ.

ತೂಕ ನೋಡುವ ದಿನ ಮೂವರೂ ಹೋದೆವು. ಯಜಮಾನರು ಯಂತ್ರ ಹತ್ತಿದರು. ಡಾಕ್ಟರು "ಭೇಷ್! ದಿನ ಗೊತ್ತು ಮಾಡೋಣ," ಎಂದರು. "ಮನೇಲಿ ಏನು ಮಾಡಿದ್ರಿ?"

ನಾನು ವಿವರಿಸಿದೆ. ವಿವರಿಸಿ ಅಲ್ಲಿಗೆ ನಿಲ್ಲಿಸಬಹುದಿತ್ತು. "ಅದೇ ಅಡುಗೆ, ಅದೇ ಮೇಜು. ನನ್ನ ತೂಕ ವರ್ಷಾನುವರ್ಷದಿಂದ ಕದಲಿಲ್ಲ. ಬೇಕಾದರೆ ನೋಡಿ," ಎಂದು ಪ್ರಮಾಣ ಸಮೇತ ಯಂತ್ರದ ಮೇಲೆ ಹತ್ತಿ ನಿಂತೆ.

ಆಘಾತ.

"ಯಂತ್ರ ಕೆಟ್ಟಿದೆ," ಎಂದೆ.

ಡಾಕ್ಟರು ಹತ್ತಿ ನೋಡಿದರು. ಸರಿಯಿತ್ತು. ಯಜಮಾನರು ಯಾರೂ ಕೇಳದಿದ್ದರೂ ಮತ್ತೊಮ್ಮೆ ಹತ್ತಿದರು. "ನಂಗೆ ಸರಿಯಾಗೇ ತೋರಿಸ್ತಿದೆ ಕಣೇ." ನಾನು ಕೈಚೀಲ ಕೆಳಗಿಟ್ಟೆ. ಚಪ್ಪಲಿ ಬಿಟ್ಟೆ. ಕನ್ನಡಕವನ್ನೂ ತೆಗೆದೆ. ಅಂಕಿ ಮಸುಕಾಯಿತು, ಕಡಿಮೆಯಾಗಲಿಲ್ಲ.

ಆಗ ಸೊಸೆ ಮೆಲ್ಲಗೆ ಬಾಯಿ ತೆರೆದಳು. "ಅತ್ತೆ, ಬೇಜಾರು ಮಾಡ್ಕೋಬೇಡಿ. ಮಾವ ಸಾಕು ಅಂದಾಗ ಪಾತ್ರೆಯಲ್ಲಿ ಮಿಗ್ತಿತ್ತಲ್ಲ, ನಿಮಗೆ ಹಾಕಲಾ ಅಂತ ಕೇಳ್ತಿದ್ದೆ."

"ನಾನೇನು ಹೇಳಿದೆ?"

"ಇರಲಿ ಅಂದ್ರಿ."

"ಪಾತ್ರೆಯಲ್ಲಿ ಇರಲಿ ಅಂತ!"

"ಪಾತ್ರೆ ಅನ್ನಲಿಲ್ಲ ಅತ್ತೆ. ನೀವು ಮಾವನ ತಟ್ಟೆ ನೋಡ್ಕೊಂಡು ಪಾಠ ಮಾಡ್ತಿದ್ರಿ. ಹಾಕಿದೆ, ತಿಂದ್ರಿ. ಮತ್ತೆ ಕೇಳಿದೆ, ಮತ್ತೆ ಇರಲಿ ಅಂದ್ರಿ."

"ನಿಷೇಧ ಇತ್ತಲ್ಲೇ!"

ಸೊಸೆ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. "ಅದು ಮಾವನಿಗೆ ಬರೆದಿದ್ದು ಅಂದ್ಕೊಂಡೆ," ಎಂದಳು. "ಒಬ್ಬರ ಔಷಧಿ ಇನ್ನೊಬ್ಬರಿಗೆ ನಾನು ಕೊಡಲ್ಲ ಅತ್ತೆ."

ಡಾಕ್ಟರು ನನ್ನ ಮಂಡಿ ಒತ್ತಿದರು. ಅದು ಅಪ್ಪಣೆ ಇಲ್ಲದೆ ‘ಕಟ್’ ಎಂದಿತು. "ನಿಮ್ಮದನ್ನ ಇನ್ನೂ ಉಳಿಸ್ಕೋಬಹುದು. ನಿಯಮ ತುಂಬಾ ಚೆನ್ನಾಗಿದೆ ಅಮ್ಮ. ನೀವೂ ಪಾಲಿಸಿ."

ಆ ರಾತ್ರಿಯ ಊಟಕ್ಕೆ ಸೊಸೆ ಅಳತೆ ಮಾಡಿ ಬೇಯಿಸಿದ್ದಳು. ನನ್ನ ತಟ್ಟೆಯಲ್ಲಿದ್ದುದನ್ನು ಚಮಚ ಕೆಳಗಿಟ್ಟು, ಅಗಿದು, ನಿಧಾನವಾಗಿ ಮುಗಿಸಿದೆ. ಉಪನ್ಯಾಸ ಇರಲಿಲ್ಲ. ನಾಲಿಗೆಯ ಗಲಾಟೆಯಲ್ಲ, ನಿಜವಾಗಿಯೂ ಇನ್ನೂ ಸ್ವಲ್ಪ ಹಸಿವಿತ್ತು.

"ಅತ್ತೆ, ಕೊನೆಯ ಆಲೂಗಡ್ಡೆ. ಹಾಕಲಾ?"

ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ‘ಬೇಕು’ ಎಂದರಾಯಿತು, ಎರಡಕ್ಷರ. ಆದರೆ ನಾನು ಯಾರ ಮನೆಯಲ್ಲೂ, ಯಾರ ಮುಂದೆಯೂ, ಊಟಕ್ಕೆ ಕೂತು ಆ ಎರಡಕ್ಷರ ಉಚ್ಚರಿಸಿದವಳಲ್ಲ. ಅದು ಬೇರೆಯವರ ದೌರ್ಬಲ್ಯ ಎಂದುಕೊಂಡಿದ್ದೆ. ಕನ್ನಡಕ ಸರಿಮಾಡಿಕೊಂಡೆ. ನೀರು ಕುಡಿದೆ. ಗಂಟಲು ಸರಿಮಾಡಿಕೊಂಡೆ.

"ಬೇಕು," ಎಂಬ ದನಿ ಕೇಳಿಸಿತು. ಗಟ್ಟಿಯಾಗಿ, ಸ್ಪಷ್ಟವಾಗಿ, ಲವಲೇಶವೂ ನಾಚಿಕೆಯಿಲ್ಲದೆ.

ದನಿ ನನ್ನದಲ್ಲ. ನಾನೇ ತರಬೇತಿ ಕೊಟ್ಟದ್ದು. ಆಲೂಗಡ್ಡೆ ಯಜಮಾನರ ತಟ್ಟೆಗೆ ಇಳಿಯಿತು.

"ಬೇಕು," ಎಂದೆ ನಾನೂ, ಕೊನೆಗೆ.

"ಮುಗೀತಲ್ಲ ಅತ್ತೆ," ಎಂದು ಸೊಸೆ ಪಾತ್ರೆ ಬಗ್ಗಿಸಿ ತೋರಿಸಿದಳು.

ಯಜಮಾನರು ನಾನು ಕಲಿಸಿದಷ್ಟೇ ನಿಧಾನವಾಗಿ ಅಗಿದರು. ತುತ್ತಿಗೂ ತುತ್ತಿಗೂ ನಡುವೆ ಚಮಚ ಕೆಳಗಿಟ್ಟರು. ಕೊನೆಯ ತುಂಡು ನುಂಗಿ, ಹೊಟ್ಟೆಯನ್ನು ಒಂದು ಮಾತು ಕೇಳಿ, ತಟ್ಟೆ ಸರಿಸಿ, ನನ್ನ ಮುಖ ನೋಡಿ ಹೇಳಿದರು:

"ಸಾಕು."