ಡಿಕ್ಕಿಯಲ್ಲಿದ್ದ ದೊಡ್ಡಪ್ಪನ ಆಸ್ತಿ

ಗ್ರಹಚಾರ ಶುರುವಾದದ್ದು ಪೊಲೀಸ್ ಸ್ಟೇಷನ್ನಿನಿಂದ ಬಂದ ಒಂದು ಕಾಗದದಿಂದ. ತಿದ್ದಪ್ಪ ಅದನ್ನು ಮೂರು ಸಲ ಓದಿದ. ಮೊದಲ ಸಲ ಅರ್ಥ ಮಾಡಿಕೊಳ್ಳಲಿಕ್ಕೆ, ಎರಡನೆಯ ಸಲ ತಪ್ಪು ಹುಡುಕಲಿಕ್ಕೆ, ಮೂರನೆಯ ಸಲ ಒಂದು ತಪ್ಪೂ ಸಿಗಲಿಲ್ಲವಲ್ಲ ಎಂಬ ಹೊಟ್ಟೆಯುರಿಗೆ.

ತಿದ್ದಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹದಿನೆಂಟು ವರ್ಷದಿಂದ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವನಿಗೆ ಅಲ್ಲಿನವರು ಇಟ್ಟದ್ದು. ತಪ್ಪು ಕಣ್ಣಿಗೆ ಬಿದ್ದರೆ ಆಸಾಮಿಗೆ ತಡೆಯಲಾಗುತ್ತಿರಲಿಲ್ಲ. ಅಂಗಡಿಯ ಬೋರ್ಡು, ಔಷಧದ ಚೀಟಿ, ಪಕ್ಕದ ಮನೆಯವರ ಜಗಳ, ಯಾವುದನ್ನೂ ತಿದ್ದದೆ ಬಿಟ್ಟವನಲ್ಲ. ತನ್ನ ಮದುವೆಯ ರಿಜಿಸ್ಟರಿನಲ್ಲಿ ಮಾವನ ವಯಸ್ಸು ತಪ್ಪಾಗಿದೆ ಎಂದು ಪೆನ್ನು ಕೆಳಗಿಟ್ಟು ಕೂತು, ಮಾವನನ್ನು ಎಲ್ಲರೆದುರು ನಾಲ್ಕು ವರ್ಷ ಮುದುಕನನ್ನಾಗಿ ಮಾಡಿದ ಮೇಲೆಯೇ ಸಹಿ ಹಾಕಿದವನು.

ಕಾಗದ ಬಂದದ್ದು ದೊಡ್ಡಪ್ಪನ ಪಿಸ್ತೂಲಿನ ಬಗ್ಗೆ. ಅರಣ್ಯ ಇಲಾಖೆಯಲ್ಲಿದ್ದು ನಿವೃತ್ತರಾದ ದೊಡ್ಡಪ್ಪ ಮದುವೆಯಾಗಿರಲಿಲ್ಲ. ತಿದ್ದಪ್ಪನ ಮನೆಯ ಹಿಂದಿನ ಕೋಣೆಯಲ್ಲಿದ್ದರು, ಎರಡು ತಿಂಗಳ ಹಿಂದೆ ತೀರಿಕೊಂಡರು. ಅವರು ಬಿಟ್ಟುಹೋದದ್ದು ಒಂದು ಉಣ್ಣೆಯ ಟೋಪಿ, ಒಂದು ಊರುಗೋಲು ಮತ್ತು ಲೈಸೆನ್ಸ್ ಇದ್ದ ಒಂದು ಪಿಸ್ತೂಲು. ಕಳೆದ ವಾರ ಸ್ಟೇಷನ್ನಿನಿಂದ ಒಬ್ಬರು ಬಂದು ಅದರ ಗುಂಡು ತೆಗೆದು, ಖಾಲಿಯೆಂದು ಎರಡೆರಡು ಸಲ ನೋಡಿ ಹೋಗಿದ್ದರು. ನೀವೇ ತಗೊಂಡು ಹೋಗಿ ಮಾರಾಯರೇ ಎಂದು ತಿದ್ದಪ್ಪ ಕೈಮುಗಿದರೆ, ವಾರಸುದಾರರೇ ತಂದು ಒಪ್ಪಿಸಬೇಕು, ಅದಕ್ಕೆ ಕಾಗದ ಬರುತ್ತದೆ ಎಂದಿದ್ದರು.

ಬಂದ ಕಾಗದದಲ್ಲಿ ಹೀಗಿತ್ತು: ಖಾಲಿ ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಡಿಕ್ಕಿಯಲ್ಲಿಡಬೇಕು. ಗುಂಡುಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ, ಬೇರೆ ಜಾಗ. ಬೀದಿಯಲ್ಲಿ ತೆರೆಯಬಾರದು, ಇನ್ನೊಬ್ಬರ ಕೈಗೆ ಕೊಡಬಾರದು. ವಾಹನದಲ್ಲಿ ಅದನ್ನು ಬಿಟ್ಟು ಎಲ್ಲಿಗೂ ಹೋಗಬಾರದು. ಇವತ್ತಿನ ತಾರೀಖು ಹಾಕಿ, ಸಂಜೆ ಐದರೊಳಗೆ ಒಪ್ಪಿಸಬೇಕು ಎಂದಿತ್ತು.

ಪೊಲೀಸರ ಗಡುವಿಗಿಂತ ಹೆಂಡತಿಯ ಗಡುವು ದೊಡ್ಡದಾಗಿತ್ತು. ಅವಳ ಅಕ್ಕ ಈ ಮನೆಗೆ ಕಾಲಿಟ್ಟು ನಾಲ್ಕು ವರ್ಷವಾಗಿತ್ತು. ಆ ಪಿಸ್ತೂಲು ಮನೆಯಲ್ಲಿರುವತನಕ ಮಕ್ಕಳನ್ನು ಕರೆದುಕೊಂಡು ಬರುವುದಿಲ್ಲ ಎಂದು ಹೇಳಿ ಹೋದವಳು ಬಂದೇ ಇರಲಿಲ್ಲ. ಅದು ಹೋಗುತ್ತದೆ ಎಂದು ತಿಳಿದು ಇವತ್ತು ಸಂಜೆ ಆರಕ್ಕೆ ಬರುವವಳಿದ್ದಳು. ಹೆಂಡತಿ ಎರಡು ದಿನದಿಂದ ಹಾಸು ಹೊದಿಕೆ ಒಗೆದು, ಕಿಟಕಿ ಒರೆಸಿ, ನಡುನಡುವೆ ಕಾರಣವಿಲ್ಲದೆ ಕಣ್ಣೂ ಒರೆಸಿಕೊಂಡಿದ್ದಳು.

"ರೀ, ಅಕ್ಕ ಬರೋ ಹೊತ್ತಿಗೆ ಅದು ಈ ಮನೇಲಿ ಇರಕೂಡದು. ಈ ಸಲ ತಿರುಗಿ ಹೋದ್ಲು ಅಂದ್ರೆ ನಾನೂ ಅವಳ ಹಿಂದೇನೇ ಹೋಗ್ತೀನಿ," ಎಂದಳು.

ತಿದ್ದಪ್ಪ ಅರ್ಧ ದಿನ ರಜೆ ಹಾಕಿದ. ಪಿಸ್ತೂಲಿನ ಪೆಟ್ಟಿಗೆಗೆ ಬೀಗ ಹಾಕಿ ಕಾರಿನ ಡಿಕ್ಕಿಯಲ್ಲಿಟ್ಟ. ಗುಂಡಿನ ಡಬ್ಬಿಯನ್ನು ಮುಂದಿನ ಸೀಟಿನೆದುರಿನ ಖಾನೆಯಲ್ಲಿಟ್ಟು ಬೀಗ ತಿರುಗಿಸಿದ. ಬೀಗದ ಕೈಗಳನ್ನು ಬನಿಯನ್ನಿನೊಳಗೆ ದಾರದಲ್ಲಿ ನೇತುಹಾಕಿಕೊಂಡ. ಎರಡೂವರೆಗೆ ಕಾರು ತೆಗೆಯುವಷ್ಟರಲ್ಲಿ ಮಹಡಿ ಮನೆಯ ಅಮ್ಮ ಮಿಕ್ಸಿ ಹೊತ್ತುಕೊಂಡು ಮೆಟ್ಟಿಲಿಳಿದು ಬಂದರು. ರಿಪೇರಿ ಅಂಗಡಿ ನಿನ್ನ ದಾರಿಯಲ್ಲೇ ತಾನೆ, ಡಿಕ್ಕಿ ತೆಗಿ ಎಂದರು.

ಡಿಕ್ಕಿ ತೆಗೆಯುವ ಹಾಗಿಲ್ಲ ಎಂದು ತಿದ್ದಪ್ಪ ಹೇಳಿದ. ಯಾಕೆ ಎಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವನು, "ದೊಡ್ಡಪ್ಪನ ಒಂದು ಆಸ್ತಿ ಇದೆ, ಅಮ್ಮ. ಯಾರಿಗೂ ತೋರಿಸಬಾರದು," ಎಂದುಬಿಟ್ಟ.

ಅಷ್ಟು ಸಾಕಾಯಿತು. ಅಮ್ಮ ಮಿಕ್ಸಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಒಂಟಿ ಮನುಷ್ಯ, ಖರ್ಚಿಲ್ಲ ವೆಚ್ಚವಿಲ್ಲ, ಎಷ್ಟು ಬಂಗಾರ ಕೂಡಿಟ್ಟಿದ್ದರೋ ಎಂದು ದಾರಿಯುದ್ದಕ್ಕೂ ಅಂದಾಜು ಹಾಕಿದರು. ರಿಪೇರಿ ಅಂಗಡಿ ಬಂದಾಗ ಇಳಿಯಲಿಲ್ಲ. ಮಿಕ್ಸಿ ಇವತ್ತಲ್ಲದಿದ್ದರೆ ನಾಳೆ ಸರಿಹೋದೀತು ಎಂದರು.

ಕಾರು ಪ್ರೆಸ್ಸಿನ ಮುಂದೆ ಹಾಯುವಾಗ ಹಿಂದಿನ ಚಕ್ರ ಪಂಕ್ಚರಾಯಿತು. ಊರಲ್ಲಿ ಅಷ್ಟೊಂದು ರಸ್ತೆಯಿದ್ದರೂ ಆ ಮೊಳೆಗೆ ಬೇರೆ ಜಾಗವೇ ಸಿಗಲಿಲ್ಲ. ಸದ್ದು ಕೇಳಿ ಪ್ರೆಸ್ಸಿನ ಬೈಂಡರ್ ಕೈಯಲ್ಲಿದ್ದ ಅಂಟು ಒರೆಸಿಕೊಳ್ಳುತ್ತ ಓಡಿಬಂದ. ಪಾಪ, ಉಪಕಾರ ಮಾಡಲೆಂದೇ ಬಂದವನು. ಸ್ಟೆಪ್ನಿ ತೆಗೆಯೋಣ ಎಂದು ಡಿಕ್ಕಿಗೆ ಕೈಹಾಕಿದ. ತಿದ್ದಪ್ಪ ಡಿಕ್ಕಿಯ ಮೇಲೆ ಅಡ್ಡ ಬಿದ್ದ.

ಆಗ ಪ್ರೆಸ್ಸಿನ ಯಜಮಾನರು ಹೊರಗೆ ಬಂದರು. ಸ್ವಂತ ಕೆಲಸ ಎಂದು ರಜೆ ಹಾಕಿದವನು ಪ್ರೆಸ್ಸಿನ ಮುಂದೆಯೇ ಕಾರಿನ ಮೇಲೆ ಬೋರಲು ಮಲಗಿದ್ದನ್ನು ನೋಡಿದರು. ವಿಧಿಯಿಲ್ಲದೆ ತಿದ್ದಪ್ಪ ತಾನೇ ಡಿಕ್ಕಿ ತೆಗೆದು, ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತ. ಬೈಂಡರ್ ಅದರ ಕೆಳಗಿದ್ದ ಸ್ಟೆಪ್ನಿ ಎಳೆದು ಚಕ್ರ ಬದಲಿಸತೊಡಗಿದ. ಪೆಟ್ಟಿಗೆಯನ್ನು ಒಂದು ಗಳಿಗೆ ಹಿಡಿದುಕೊಳ್ಳುತ್ತೇನೆ ಎಂದು ಮುಂದೆ ಬಂದವರಿಗೆಲ್ಲ ತಿದ್ದಪ್ಪ ಬೆನ್ನು ತಿರುಗಿಸಿದ. ಹಾಗೆ ತಿರುಗಿಸಿ ತಿರುಗಿಸಿ ಒಂದು ಸುತ್ತು ಬಂದ. ಒಳಗೆ ಬಂಗಾರವಿದೆ ಎಂದು ಅಮ್ಮ ಕಿಟಕಿಯಿಂದ ಮೆಲ್ಲಗೆ ಬೈಂಡರನಿಗೆ ಹೇಳಿದರು. ಅವರ ಮೆಲ್ಲಗೆ ಎಂದರೆ ಎದುರಿನ ಕ್ಷೌರದಂಗಡಿಗೆ ಕೇಳುವಷ್ಟು.

ಯಜಮಾನರ ತಲೆಗೆ ಬಂಗಾರ ಹೊಳೆಯಲಿಲ್ಲ. ಆ ವಾರ ಪ್ರೆಸ್ಸಿನಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚಾಗುತ್ತಿತ್ತು. ಅದನ್ನು ಕಣ್ಣಾರೆ ಓದಿದವನು ತಿದ್ದಪ್ಪ ಒಬ್ಬನೇ. ಅವನ ಕೈಯಲ್ಲಿ ಈಗ ಬೀಗ ಹಾಕಿದ ಪೆಟ್ಟಿಗೆ. ಯಜಮಾನರ ಮುಖ ಕಪ್ಪಿಟ್ಟಿತು.

"ಏನಯ್ಯಾ, ಅನ್ನ ಹಾಕಿದ ಮನೆಗೇ ಕನ್ನ ಹಾಕ್ತೀಯಾ? ತೆಗಿ ಪೆಟ್ಟಿಗೆ."

"ಬೀದೀಲಿ ತೆಗೆಯೋ ಹಾಗಿಲ್ಲ ಸಾರ್."

"ಹಾಗಾದ್ರೆ ಪೊಲೀಸ್ ಸ್ಟೇಷನ್ನಿಗೆ ನಡಿ."

"ಅಲ್ಲಿಗೇ ಹೊರಟಿದ್ದೆ ಸಾರ್," ಎಂದ ತಿದ್ದಪ್ಪ. ಅವನ ದನಿಯಲ್ಲಿದ್ದ ನೆಮ್ಮದಿ ಕಂಡು ಯಜಮಾನರಿಗೆ ಇನ್ನಷ್ಟು ಅನುಮಾನವಾಯಿತು. ಪೆಟ್ಟಿಗೆ ಮತ್ತೆ ಡಿಕ್ಕಿ ಸೇರಿದ ಮೇಲೆ ಪಕ್ಕದ ಸೀಟಿನಲ್ಲಿ ಹತ್ತಿ ಕೂತರು. ಮಂಡಿಗೆ ತಗಲುತ್ತಿದ್ದ ಖಾನೆಯಲ್ಲಿ ಏನಿದೆ ಎಂದು ಗೊತ್ತಿದ್ದರೆ ನಡೆದುಕೊಂಡೇ ಹೋಗುತ್ತಿದ್ದರೇನೋ.

ಸ್ಟೇಷನ್ ಮುಟ್ಟಿದಾಗ ನಾಲ್ಕು ಮುಕ್ಕಾಲು. ದಾಖಲೆ ಬರೆಯುವ ರೈಟರು ಕಾಗದ ನೋಡಿದರು. ತಿದ್ದಪ್ಪ ಬನಿಯನ್ನಿನೊಳಗಿನಿಂದ ದಾರ ಎಳೆದು ಪೆಟ್ಟಿಗೆಯ ಬೀಗ ತೆಗೆದ. ಒಳಗೆ ಪಿಸ್ತೂಲು ಕಂಡದ್ದೇ ಮಹಡಿ ಮನೆಯ ಅಮ್ಮ ಮಿಕ್ಸಿಯನ್ನು ಎದೆಗೆ ಹಿಡಿದುಕೊಂಡರು. ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದು, "ನೀವು ಮೊದಲೇ ಹೇಳಬಾರದಿತ್ತೇ," ಎಂದರು. ಹದಿನೆಂಟು ವರ್ಷದಲ್ಲಿ ಅವರ ಬಾಯಿಂದ ತಿದ್ದಪ್ಪನಿಗೆ ಬಹುವಚನ ಬಂದದ್ದು ಅದೇ ಮೊದಲು. ನಾಳೆಯೂ ಬೇಕಾದರೆ ರಜೆ ತಗೊಳ್ಳಿ ಎಂದು ಸೇರಿಸಿದರು.

ರೈಟರು ತಲೆದೂಗಿದರು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಇಷ್ಟು ಕ್ರಮವಾಗಿ ತಂದವರನ್ನು ನೋಡಿಲ್ಲ, ಕೆಲವರು ತರಕಾರಿ ಚೀಲದಲ್ಲಿ ತರುತ್ತಾರೆ ಎಂದರು. ಪುಸ್ತಕದಲ್ಲಿ ಬರೆದುಕೊಂಡು ರಸೀದಿ ಹರಿದರು. ಪಿಸ್ತೂಲನ್ನು ಒಯ್ದು ಮೂಲೆಯ ಬೀರುವಿನಲ್ಲಿಟ್ಟರು. ತಿದ್ದಪ್ಪ ಖಾನೆಯಿಂದ ತಂದುಕೊಟ್ಟ ಗುಂಡಿನ ಡಬ್ಬಿಯನ್ನೂ ಅದರ ಪಕ್ಕದಲ್ಲೇ ಇಟ್ಟರು. ಬೀರುವಿನ ಬಾಗಿಲು ನಿಲ್ಲದೆ ತೆರೆದುಕೊಂಡಾಗ ಕುರ್ಚಿಯೊಂದನ್ನು ಎಳೆದು ಆನಿಸಿದರು. ಬಂದು ರಸೀದಿಗೆ ಸಹಿ ಹಾಕಲು ಪೆನ್ನು ತೆಗೆದರು.

ತಿದ್ದಪ್ಪ ಬೇರೆ ಕಡೆ ನೋಡಿದ. ಗೋಡೆಯ ಗಡಿಯಾರ ನೋಡಿದ, ಐದಕ್ಕೆ ಐದು ನಿಮಿಷವಿತ್ತು. ಹೆಂಡತಿಯ ಅಕ್ಕನನ್ನು ನೆನೆದ, ಒಗೆದ ಹಾಸು ಹೊದಿಕೆಗಳನ್ನು ನೆನೆದ, ನಾಲಿಗೆ ಕಚ್ಚಿ ಹಿಡಿದ. ರೈಟರ ಪೆನ್ನು ರಸೀದಿಯ ಮೇಲೆ ಇಳಿಯಿತು.

"ಸಾರ್," ಎಂದ ತಿದ್ದಪ್ಪ, "ಅವೆರಡೂ ಒಂದೇ ಕಡೆ ಇಡೋ ಹಾಗಿಲ್ಲ ಅಲ್ವಾ? ಬೀಗಾನೂ ಇಲ್ಲ."

ಒಳಕೋಣೆಯ ಬಾಗಿಲು ತೆರೆಯಿತು. ಇನ್ಸ್‌ಪೆಕ್ಟರಮ್ಮ ಬಂದು ಬೀರು ನೋಡಿದರು, ಕುರ್ಚಿ ನೋಡಿದರು, ರೈಟರನ್ನು ನೋಡಿದರು. ರೈಟರು ಪೆನ್ನಿಗೆ ಮುಚ್ಚಳ ಹಾಕಿದರು. ಹೊಸ ಬೀರು ಬರಲು ಮೂರು ತಿಂಗಳಾಗುತ್ತದೆ ಎಂದು ಮೆತ್ತಗೆ ಹೇಳಿದರು.

"ಇವರು ಹೇಳಿದ್ದು ಸರಿ. ಈ ಬೀರುವಿನಲ್ಲಿ ಇನ್ನೊಂದು ಆಯುಧ ಇಡಬಾರದು," ಎಂದರು ಇನ್ಸ್‌ಪೆಕ್ಟರಮ್ಮ. ಆಮೇಲೆ ತಿದ್ದಪ್ಪನ ಕಡೆ ತಿರುಗಿ, "ಇಷ್ಟು ಜವಾಬ್ದಾರಿ ಇರೋರು ನಮಗೆ ಸಿಗೋದೇ ಅಪರೂಪ. ಮೂರು ತಿಂಗಳು ನೀವೇ ಇಟ್ಕೊಳ್ಳಿ. ಈಗಲೇ ಅನುಮತಿ ಬರೆದುಕೊಡ್ತೀನಿ," ಎಂದು ಕೈಕುಲುಕಿದರು.

ಹೊಸ ಅನುಮತಿಯಲ್ಲೂ ನಿಯಮಗಳು ಅವೇ. ಮೂರು ತಿಂಗಳಿಗೆ ನೆನಪಿರಲೆಂದು ಇನ್ಸ್‌ಪೆಕ್ಟರಮ್ಮ ಅವುಗಳ ಕೆಳಗೆ ಕೆಂಪು ಗೆರೆ ಎಳೆದುಕೊಟ್ಟರು.

ಪೆಟ್ಟಿಗೆ ಮತ್ತೆ ಡಿಕ್ಕಿ ಸೇರಿ ಮನೆ ಮುಟ್ಟಿದಾಗ ಆರೂಕಾಲು. ಒಳಗೆ ಮಕ್ಕಳ ಗಲಾಟೆ, ಅಕ್ಕತಂಗಿಯರ ನಗು ಕೇಳುತ್ತಿತ್ತು. ಹೆಂಡತಿ ಗೇಟಿಗೆ ಓಡಿಬಂದಳು. ತಿದ್ದಪ್ಪ ಕಿಟಕಿಯ ಗಾಜು ಇಳಿಸಿ ನಡೆದದ್ದನ್ನೆಲ್ಲ ಹೇಳಿದ.

"ಬಾಯಿ ಮುಚ್ಕೊಂಡು ಇದ್ದಿದ್ರೆ ಏನಾಗ್ತಿತ್ತು?"

"ತಪ್ಪಿತ್ತು ಕಣೇ."

"ಅದು ಒಳಗೆ ಬರೋ ಹಾಗಿಲ್ಲ."

"ಇದನ್ನ ಗಾಡೀಲಿ ಬಿಟ್ಟು ನಾನು ಬರೋ ಹಾಗಿಲ್ಲ."

"ಹಾಗಾದ್ರೆ ಇಬ್ರೂ ಆಚೇನೇ ಇರಿ," ಎಂದು ಹೆಂಡತಿ ಒಳಗೆ ಹೋದಳು.

ಅರ್ಧ ಗಂಟೆಯ ಮೇಲೆ ಊಟದ ತಟ್ಟೆ, ದಿಂಬು, ಹೊದಿಕೆ ಹಿಡಿದು ಬಂದಳು. ಅವಳ ಕೋಪ ಇಳಿದಿತ್ತು. ಕಿಟಕಿಯಲ್ಲಿ ತಟ್ಟೆ ಕೊಡುತ್ತ, "ಅಕ್ಕ ಎಷ್ಟು ಖುಷಿಯಾಗಿದ್ದಾಳೆ ಗೊತ್ತಾ. ಎರಡು ದಿನ ಅಂತ ಬಂದೋಳು, ಮಕ್ಕಳ ರಜೆ ಮುಗಿಯೋವರೆಗೂ ಇರ್ತೀನಿ ಅಂತಿದ್ದಾಳೆ. ನಲವತ್ತು ದಿನ," ಎಂದಳು.

ತಿದ್ದಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಹಿಂದಿನ ಸೀಟು ನೋಡಿದ, ಕಾಲು ಚಾಚುವಷ್ಟು ಉದ್ದವಿರಲಿಲ್ಲ.

"ನಲವತ್ತಲ್ಲ ಕಣೇ, ನಲವತ್ತೇಳು," ಎಂದ. "ಶಾಲೆಯವರ ಕ್ಯಾಲೆಂಡರ್ ನಾನೇ ತಿದ್ದಿದ್ದು."

ಹೌದಾ ಎಂದು ಹೆಂಡತಿಯ ಮುಖ ಅರಳಿತು. ಅಕ್ಕನಿಗೆ ಹೇಳಲು ಒಳಗೆ ಓಡಿದಳು.