ಬಾಮೈದನ ಬಡ್ತಿಯೂ ನನ್ನ ಬಾಯಿಯೂ

ಇನ್ನೊಬ್ಬರನ್ನು ಮುಂದಕ್ಕೆ ತರುವ ಚಟ ಕೆಲವರಿಗಿರುತ್ತದೆ. ತಾವೇ ಮುಂದೆ ಹೋಗಲಾರದವರಿಗೆ ಅದು ತುಸು ಜಾಸ್ತಿ. ಮಿಶಿಗನ್ನಿನ ಆಬರ್ನ್ ಹಿಲ್ಸ್‌ನ ಆಫೀಸಿನಲ್ಲಿ ಕಾರಿನ ಬಾಗಿಲುಗಳನ್ನು ವಿನ್ಯಾಸ ಮಾಡುತ್ತಲೇ ತಲೆ ನರೆಸಿಕೊಂಡ ನನಗೆ ಬಡ್ತಿಯ ಯೋಗ ಕೂಡಿಬರಲಿಲ್ಲ. ಬಾಮೈದನಿಗಾದರೂ ಕೊಡಿಸೋಣ ಎಂದು ಹೊರಟೆ.

ಬಾಮೈದ ಮಲ್ಲು ಧಾರವಾಡದವನು, ಈಗ ಇಂಡಿಯಾನಾ ರಾಜ್ಯದ ಆಚೆಗಿರುವ ಡೌನರ್ಸ್ ಗ್ರೋವ್‌ನಲ್ಲಿ ಹಲ್ಲಿನ ಡಾಕ್ಟರು, ವಯಸ್ಸು ನಲವತ್ತರ ಹತ್ತಿರ. ಆಟಗಾರನಾಗಬೇಕು ಎನ್ನುತ್ತಿದ್ದವನನ್ನು ಮನೆಯವರು ಡೆಂಟಲ್ ಕಾಲೇಜಿಗೆ ಸೇರಿಸಿದ್ದರು. ಹಿಂದೆ ಅವನು ನಮ್ಮ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲೇ ಇದ್ದಾಗ ಭಾನುವಾರ ಪಾರ್ಕಿನಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ಅವನು ಹೊಡೆಯುವುದು, ಓಡಬೇಕೋ ಬೇಡವೋ ಎಂದು ನಾನು ಎದುರು ತುದಿಯಿಂದ ಕೂಗುವುದು. ನನ್ನ ಹೊಟ್ಟೆಯ ದೆಸೆಯಿಂದ "ಬೇಡ" ಎನ್ನುವುದೇ ಹೆಚ್ಚು. ಅವನು ಒಮ್ಮೆಯೂ ನನ್ನ ಮಾತು ಮೀರಿದವನಲ್ಲ.

ಕಳೆದ ವರ್ಷ ಅವನ ಮನೆ ಹತ್ತಿರದ ಪುಟ್ಟ ಬೇಸ್‌ಬಾಲ್ ತಂಡವೊಂದು, ಬೇಸ್‌ಬಾಲ್ ಆಡಿ ಗೊತ್ತಿಲ್ಲದ ವಯಸ್ಸಾದವರಿಗೂ ಅವಕಾಶ ಕೊಡುತ್ತೇವೆ ಎಂದಿತು. ಇಂಥ ಕಿರಿಯ ತಂಡಗಳ ಮೈನರ್ ಲೀಗ್ ಎಂದರೆ ಏಣಿಯಿದ್ದ ಹಾಗೆ. ಕೆಳಗಿನ ತಂಡದಲ್ಲಿ ಚೆನ್ನಾಗಿ ಆಡಿದವರನ್ನು ಮೇಲಿನ ತಂಡಕ್ಕೆ ಏರಿಸುತ್ತಾರೆ. ಹುಡುಗರಿಗಾದರೆ ತಂಡದವರು ವರ್ಷಗಟ್ಟಲೆ ಕಾಯುತ್ತಾರೆ, ಮಲ್ಲುವಿನಂಥವರಿಗೆ ಕಾಯುವುದಿಲ್ಲ. ಪಟ್ಟು ಹಿಡಿದು ಅವನನ್ನು ಸೇರಿಸಿದವನು ನಾನೇ. ಆದರೆ ಬೇಸಿಗೆ ಮುಗಿಯುತ್ತ ಬಂದರೂ ಚೆಂಡು ಅವನ ಬ್ಯಾಟಿಗೆ ಸರಿಯಾಗಿ ಸಿಗಲಿಲ್ಲ. ಕೊನೆಯ ಪಂದ್ಯಕ್ಕೆ ಮೊದಲು ಕೋಚ್ ಹೇಳಿಬಿಟ್ಟರಂತೆ: ಹೊಡೆದು ಓಡಿ, ಚೆಂಡಿಗಿಂತ ಮುಂಚೆ ಒಮ್ಮೆಯಾದರೂ ಮೊದಲ ಗುರುತಾದ ಫಸ್ಟ್ ಬೇಸ್ ಮುಟ್ಟಿದರೆ ಮೇಲಿನ ತಂಡ, ಇಲ್ಲವಾದರೆ ಮನೆ.

"ಭಾವಾ, ನೀವು ಬರ್ರಿ. ನೀವಿದ್ರ ನನಗ ಧೈರ್ಯ," ಎಂದು ಫೋನ್ ಮಾಡಿದ. ಹೆಂಡತಿ ಗಿರಿಜಾಳನ್ನು ಕರೆದುಕೊಂಡು ಹೊರಟೆ. ಇಂಡಿಯಾನಾ ಬಂದಾಗ ಅವಳು, "ನಿಮ್ಮ ಮಾತ್ ಕೇಳಿ ಕ್ಲಿನಿಕ್ ಬಿಟ್ಟು ಬಿಸಲಾಗ ನಿಂತಾನ. ಇವತ್ತ ಏನರೆ ಹೆಚ್ಚುಕಡಿಮಿ ಆದ್ರ ನಿಮ್ಮನ್ನ ಸುಮ್ನ ಬಿಡಂಗಿಲ್ಲ," ಎಂದಳು. ನಾನು ಎಕ್ಸಿಟ್ ಬೋರ್ಡುಗಳನ್ನೇ ನೋಡುತ್ತ ಡ್ರೈವ್ ಮಾಡಿದೆ.

ಮಲ್ಲು ಬ್ಯಾಟ್ ಹಿಡಿದು ಮೈದಾನಕ್ಕೆ ಬಂದ. ಮೊದಲನೆಯ ಚೆಂಡಿಗೆ ಬೀಸಿದ, ತಪ್ಪಿತು. ಎರಡನೆಯದೂ ತಪ್ಪಿತು. ಇನ್ನೊಂದು ತಪ್ಪಿದರೆ ಔಟ್. ಗಿರಿಜಾ ನನ್ನ ತೋಳನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಳು. ಮೂರನೆಯದು ಟಕ್ಕೆಂದು ತಗುಲಿತು! ಚೆಂಡು ನೆಲದ ಮೇಲೆ ಉರುಳಿತು, ಫೀಲ್ಡರ್ ಮುನ್ನುಗ್ಗಿದ. ಬೇಸ್‌ಬಾಲಿನಲ್ಲಿ ಹೀಗೆ ಹೊಡೆದ ಮೇಲೆ ಓಡಲೇಬೇಕು, ಕ್ರಿಕೆಟ್ಟಿನಂತೆ ನಿಂತಲ್ಲೇ ನಿಲ್ಲುವ ಹಾಗಿಲ್ಲ. ಅವನಿಗೆ ಇದನ್ನು ಹೇಳಿಕೊಟ್ಟವನೂ ನಾನೇ. ಆದರೂ ನನ್ನ ಗಂಟಲಿನಿಂದ ಹೊರಟದ್ದು, "ಬೇಡಾ! ನಿಲ್ಲು!"

ಮಲ್ಲು ನಿಂತ. ಚೆಂಡು ಆರಾಮಾಗಿ ಅವನಿಗಿಂತ ಮೊದಲೇ ಫಸ್ಟ್ ಬೇಸ್ ತಲುಪಿತು. ಔಟ್.

ಸುತ್ತಲಿನ ಜನವೆಲ್ಲ ನನ್ನತ್ತ ತಿರುಗಿತು. "ಅವನ ಪಾಳಿ ಇನ್ನೊಮ್ಮೆ ಬರತೈತಿ. ಅಷ್ಟರಾಗ ನೀವು ಹೋಗಿ ಕಾರಿನ್ಯಾಗ ಕೂಡ್ರಿ. ಗ್ಲಾಸ್ ಏರಿಸ್ಕೊಂಡು ಕೂಡ್ರಿ," ಎಂದಳು ಗಿರಿಜಾ. ಗಾಜು ಏರಿಸಿಕೊಂಡು ಕುಳಿತೆ. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಅವನಿಗೆ ಸಿಕ್ಕ ಒಂದೇ ಒಂದು ಅವಕಾಶಕ್ಕೆ ನಾನೇ ಕಲ್ಲು ಹಾಕಿದೆನಲ್ಲ! ಎಷ್ಟೋ ಹೊತ್ತಿನ ಮೇಲೆ ಮೈದಾನದಿಂದ ಜೋರು ಗದ್ದಲ ಕೇಳಿಸಿತು. ಯಾರು ಗೆದ್ದರೋ, ಯಾರು ಔಟಾದರೋ ತಿಳಿಯದು. ದೇವರನ್ನು ಕೂಗಲು ಬಾಯಿ ತೆರೆದವನು ಹೆದರಿ ಮುಚ್ಚಿಕೊಂಡೆ.

ಕೊನೆಗೆ ಅಕ್ಕ ತಮ್ಮ ಇಬ್ಬರೂ ಬಂದರು. ಅವನ ಬಟ್ಟೆಯೆಲ್ಲ ಮಣ್ಣು, ಕೈಯಲ್ಲಿ ಇನ್ನೂ ಬ್ಯಾಟ್. "ಮುಟ್ಟಿದೆ ಭಾವಾ! ಓಡೂ ಮುಂದ ಬ್ಯಾಟ್ ಒಗೀಬೇಕು ಅನ್ನೂದೂ ನೆನಪಾಗ್ಲಿಲ್ಲ, ಹಿಡಕೊಂಡೇ ಓಡಿದೆ. ಮ್ಯಾಲಿನ ಟೀಮಿಗೆ ತಗೊಂಡ್ರು!"

ಅವನನ್ನು ತಬ್ಬಿಕೊಂಡು ಅತ್ತೇಬಿಟ್ಟೆ. "ಅಲ್ಲಿಗೂ ಬರ್ತೀನಿ ಕಣೋ, ಒಂದು ಮ್ಯಾಚೂ ಬಿಡಲ್ಲ," ಎಂದೆ.

ಮಲ್ಲು ಅಕ್ಕನ ಮುಖ ನೋಡಿದ. "ಅದ... ಕೋಚ್ ಒಂದು ಕಂಡೀಶನ್ ಹಾಕ್ಯಾರ ಭಾವಾ. ನಾ ಆಡೂ ದಿವಸ ನೀವು ಮಿಶಿಗನ್ನಿನಾಗ ಇರಬೇಕಂತ."

ಇಷ್ಟು ವರ್ಷದ ನೌಕರಿಯಲ್ಲಿ ಯಾರ ಬಡ್ತಿಯ ವಿಚಾರದಲ್ಲೂ ನನ್ನ ಬಾಯಿಮಾತಿಗೆ ಇಷ್ಟು ತೂಕ ಬಂದಿರಲಿಲ್ಲ.